ಖಾಲಾ ಕೊಟ್ಟ ಹಾಲು

ನನಗೆ ಎರಡು ವಯಸ್ಸು. ಅವ್ವ ಹೆತ್ತ ಲೆಕ್ಕದ್ದು ಒಂದು, ಶಾಲೆಯ ಮಾಸ್ತರರು ಬರೆದದ್ದು ಇನ್ನೊಂದು. ಮುಂದೆ ಸರಕಾರಿ ನೌಕರಿಗೆ ವಯಸ್ಸು ಮೀರಬಾರದೆಂದು ಅವ್ವ ಕೇಳಿಕೊಂಡಿದ್ದಳಂತೆ. ಮಾಸ್ತರರು ವಯಸ್ಸು ಇಳಿಸಿ ಜೂನ್ ಒಂದು ಎಂದು ಬರೆದುಬಿಟ್ಟರು. ನಮ್ಮ ಖಾನಾಪುರದಲ್ಲಿ ನನ್ನ ಓರಗೆಯ ಅರ್ಧ ಮಂದಿ ಜೂನ್ ಒಂದಕ್ಕೇ ಹುಟ್ಟಿದವರು. ಸರಕಾರಿ ನೌಕರಿ ನನ್ನ ಹತ್ತಿರವೂ ಸುಳಿಯಲಿಲ್ಲ. ನಾನು ಹೊಲಿಗೆ ಕಲಿತೆ.

ಸ್ಟೇಷನ್ ರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ವಿಧವೆಯೊಬ್ಬರನ್ನು ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಕಣ್ಣಿನ ಆಪರೇಷನ್ ಆದಮೇಲೆ ಅವರಿಗೆ ಬಟ್ಟೆ ಕತ್ತರಿಸುವಷ್ಟು ಕಾಣುತ್ತಿತ್ತು, ಸಣ್ಣ ಹೊಲಿಗೆ ಕಾಣುತ್ತಿರಲಿಲ್ಲ. ಒಂದು ವರ್ಷ ಜೊತೆಗೆ ದುಡಿಯೋಣ ಎಂದು ಬಾಂಡ್ ಪೇಪರಿನ ಮೇಲೆ ಇಬ್ಬರೂ ಸಹಿ ಮಾಡಿದೆವು.

"ನಿನಗ ಹದಿನೆಂಟು ತುಂಬೇತಿಲ್ಲೋ?" ಎಂದು ಆಗ ಅವರು ಕೇಳಿದ್ದರು.

"ನಾಗರ ಪಂಚಮಿಗೇ ತುಂಬೇತ್ರಿ. ಸಾಲ್ಯಾಗ ಬರಸಿದ್ದು ಸುಳ್ಳು," ಎಂದು ನಾನೇ ಎದೆ ಸೆಟೆಸಿ ಹೇಳಿದ್ದೆ.

ಆ ಮಾತು ನಂಬಿ ಅವರು ಮದುವೆ ಸೀಸನ್ನಿನ ಬ್ಲೌಸುಗಳನ್ನೆಲ್ಲ ಒಪ್ಪಿಕೊಂಡರು. ಸಂಜೆ ಕೆಲಸ ಮುಗಿದರೆ ಇಬ್ಬರಿಗೂ ಖಡಕ್ ಚಹಾ. "ದುಡಿಯೋ ಹೆಂಗಸರಿಗೆ ಇಷ್ಟರ ಬೇಕವಾ," ಎಂದು ನನ್ನ ಕಪ್ಪನ್ನೇ ಮೊದಲು ತುಂಬಿಸುತ್ತಿದ್ದರು. ಹೆಂಗಸರ ಸಾಲಿಗೆ ನನ್ನನ್ನೂ ಸೇರಿಸಿದ್ದಕ್ಕೆ ನಾನು ಉಬ್ಬಿಹೋಗುತ್ತಿದ್ದೆ.

ಅಷ್ಟರಲ್ಲಿ ಬೆಳಗಾವಿಯ ಶಹಾಪುರದ ದೊಡ್ಡ ಸೀರೆ ಅಂಗಡಿಯಿಂದ ಹೊಲಿಗೆ ಕೆಲಸಕ್ಕೆ ಕರೆ ಬಂತು. ಫ್ಯಾನು, ಆಳೆತ್ತರದ ಕನ್ನಡಿ, ಮೋಟಾರಿನ ಮಷೀನು! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೋರ್ಟಿನ ಮುಂದೆ ಅರ್ಜಿ ಬರೆಯುವ ಸೋದರಮಾವನನ್ನು, ಬಾಂಡ್ ಬಿಡಿಸಿಕೊಳ್ಳುವುದು ಹೇಗೆಂದು ಕೇಳಿದೆ. ಮಾವ ನಕ್ಕ.

"ಹುಚ್ಚಿ, ಕಾಗದದ ಪ್ರಕಾರ ನೀ ಇನ್ನೂ ಮೈನರ್. ಮೈನರ್ ಮಾಡಿದ ಕರಾರು ಕರಾರ ಅಲ್ಲ. ನಡಿ, ನಾ ಬಂದು ಹೇಳ್ತೀನಿ."

ನನಗೆ ಖುಷಿಯಾಯಿತು. ಹಾಗೆಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಅಂಗಡಿಯಲ್ಲಿ ಮಾವ ಕುರ್ಚಿಯ ಮೇಲೆ ಕುಳಿತು ಕಾನೂನನ್ನು ಬಿಡಿಸಿ ಹೇಳಿದ, ನನ್ನ ಶಾಲೆಯ ದಾಖಲೆ ತೋರಿಸಿದ. ಖಾಲಾ ಕತ್ತರಿಸಿಟ್ಟ ಬ್ಲೌಸುಗಳ ಗಂಟು ನನ್ನ ಮಷೀನಿನ ಪಕ್ಕದಲ್ಲೇ ಇತ್ತು. ನಾನು ಹೋದರೆ ಅವನ್ನು ಹೊಲಿಯುವವರು ಯಾರೂ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಖಾಲಾ ದಾಖಲೆ ನೋಡಲಿಲ್ಲ, ನನ್ನನ್ನೇ ನೋಡಿದರು. ನಾಗರ ಪಂಚಮಿಯ ಮಾತು ಎತ್ತಿ ಬೈದಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ.

"ಹಂಗಾದ್ರ ಪೋರಿ ಇನ್ನೂ ಸಣ್ಣಾಕಿ ಏನ್ರೀ?" ಎಂದು ಮಾವನನ್ನು ಕೇಳಿದರು.

"ಕಾನೂನಿನಾಗ ಸಣ್ಣಾಕೀನ ರೀ."

"ಹೌದೇನವಾ?" ಈ ಸಲ ಕೇಳಿದ್ದು ನನ್ನನ್ನು.

ಹೌದೆಂದು ತಲೆಯಾಡಿಸಿದೆ.

ಅವರು ಒಳಗೆ ಹೋದರು. ಮಾವನಿಗೆ ಒಂದು ಕಪ್ ಚಹಾ ತಂದರು, ತಮಗೊಂದು. ನನ್ನ ಕೈಗೆ ಸ್ಟೀಲಿನ ಲೋಟ ಕೊಟ್ಟರು. ಅದರಲ್ಲಿ ಸಕ್ಕರೆ ಹಾಕಿದ ಹಾಲಿತ್ತು.

"ಕುಡಿಯವಾ. ಸಣ್ಣವ್ರು ಚಾ ಕುಡೀಬಾರ್ದು."

ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಮುಖ ಎತ್ತದೆ ಪೂರ್ತಿ ಕುಡಿದೆ. ತುಟಿಗೆ ಅಂಟಿದ ಕೆನೆಯನ್ನು ಖಾಲಾ ತಮ್ಮ ಸೆರಗಿನಿಂದ ಒರೆಸಿದರು. ಆಮೇಲೆ ಕನ್ನಡಕ ಏರಿಸಿಕೊಂಡು ಗಂಟು ಬಿಚ್ಚಿ, ಸೂಜಿಗೆ ದಾರ ಪೋಣಿಸಲು ಕುಳಿತರು. ದಾರ ಒಂದು ಕಡೆ, ಸೂಜಿಯ ಕಣ್ಣು ಇನ್ನೊಂದು ಕಡೆ. ಪೋಣಿಸಿ ಕೊಡಲು ನಾನು ಕೈ ಚಾಚಿದೆ.

"ಬ್ಯಾಡವಾ," ಎಂದರು ಖಾಲಾ, "ಚುಚ್ಚಿಗೊಂಡೀ."