ಕಡೆಯ ಹನ್ನೊಂದು ಹಾಳೆ

ನನ್ನ ಅಣ್ಣನಿಗೆ ಒಂದು ಪುಸ್ತಕವನ್ನು ನಾನು ಪೂರ್ತಿ ಓದಿ ಹೇಳಲಿಲ್ಲ. ಹನ್ನೊಂದು ಹಾಳೆ ಉಳಿದಿದ್ದವು. ಓದಲು ಬಾರದೆ ಅಲ್ಲ, ಪುರುಸೊತ್ತಿಲ್ಲದೆಯೂ ಅಲ್ಲ. ಮನಸ್ಸಿರಲಿಲ್ಲ. ಅದನ್ನು ಮುಚ್ಚಲು ಒಂದು ಸುಳ್ಳು ಹೇಳಿದೆ, ಆ ಸುಳ್ಳನ್ನು ಆರು ವರ್ಷ ಸಾಕಿದೆ.

ನಮ್ಮ ಮನೆ ಮಂಕಿ ಎಂಬ ಊರಿನಲ್ಲಿ. ಒಂದಿಷ್ಟು ಗದ್ದೆ, ತರಕಾರಿ, ಹತ್ತಾರು ತೆಂಗಿನ ಮರ. ನನಗಿಂತ ಎಂಟು ವರ್ಷ ದೊಡ್ಡವನಾದ ಅಣ್ಣ ಹೊನ್ನಾವರದ ಕಿರಾಣಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಆಗ ಬೆಲ್ಲ, ಮೆಣಸು ಕಟ್ಟಿಕೊಡಲು ರದ್ದಿ ಕಾಗದವೇ ಗತಿ. ಹಳೆಯ ಪತ್ರಿಕೆಗಳ ಜೊತೆಗೆ ಯಾರ ಯಾರದೋ ಅಟ್ಟದ ಪುಸ್ತಕಗಳೂ ಕಟ್ಟು ಕಟ್ಟಾಗಿ ಬರುತ್ತಿದ್ದವು. ಮೊದಲ ವರ್ಷ ಅವನೂ ಎಲ್ಲರಂತೆ ಪುಸ್ತಕದ ಹಾಳೆ ಹರಿದು ಪೊಟ್ಟಣ ಕಟ್ಟಿದವನೇ. ಒಂದು ದಿನ ಕೈಯಲ್ಲಿದ್ದ ಹಾಳೆಯ ಮೇಲೆ ಕಣ್ಣು ಬಿದ್ದು, ಗಿರಾಕಿಯನ್ನು ನಿಲ್ಲಿಸಿಕೊಂಡೇ ಎರಡೂ ಮಗ್ಗುಲು ಓದಿದನಂತೆ. ಅಲ್ಲಿಂದ ಮುಂದೆ ರದ್ದಿಯಲ್ಲಿ ಪುಸ್ತಕ ಬಂದರೆ ಬೇರೆ ತೆಗೆದಿಟ್ಟು, ಅಷ್ಟೇ ತೂಕದ ಹಳೆ ಪತ್ರಿಕೆಯನ್ನು ಎಲ್ಲಿಂದಲಾದರೂ ಹುಡುಕಿ ತಂದು ಧಣಿಗೆ ಕೊಡುತ್ತಿದ್ದ.

ಹಾಗೆ ಉಳಿಸಿ ತಂದವುಗಳಲ್ಲಿ ಹೆಚ್ಚಿನವಕ್ಕೆ ಮುಂದಿನ ರಟ್ಟಿಲ್ಲ, ಹೆಸರಿಲ್ಲ. ಅವನೇ ಹೆಸರಿಟ್ಟಿದ್ದ. ಯಾರೋ ಬೈರಾಗಿ ಉತ್ತರಕ್ಕೆ ನಡೆದುಹೋದ ಕಥೆ ‘ನಡಿಗೆ ಪುಸ್ತಕ’. ದನದ ಕಾಯಿಲೆಗೆ ಮದ್ದು ಹೇಳುವಂಥದ್ದು ‘ದನದ ಪುಸ್ತಕ’. ಮನೆಯಲ್ಲಿದ್ದದ್ದು ಒಂದೇ ಆಕಳು, ಆದರೂ ಅದನ್ನು ಕಾದಂಬರಿಯ ಹಾಗೆ ಓದುತ್ತಿದ್ದ. ಎಲ್ಲಕ್ಕಿಂತ ಪ್ರೀತಿಯದ್ದು ‘ಗಡಿಯಾರದ ಪುಸ್ತಕ’. ನಿಂತುಹೋದ ಗಡಿಯಾರವನ್ನು ಸರಿಮಾಡಲು ಒಬ್ಬ ಬಡ ಕೆಲಸಗಾರ ಕೋಟೆಯೊಳಗೆ ಹೋಗುತ್ತಾನೆ. ಅವನ ಹಿಂದೆ ಬಾಗಿಲು ಹಾಕುತ್ತಾರೆ. ಗಡಿಯಾರ ಹೊಡೆಯುವವರೆಗೆ ಬಿಡುವ ಹಾಗಿಲ್ಲ. ಆದರೆ ಅದು ಹೊಡೆದ ಗಳಿಗೆಯಲ್ಲೇ ಕೆಳಗಿನ ಸೆರೆಮನೆಯಲ್ಲಿ ಒಬ್ಬನ ತಲೆ ಹೋಗುತ್ತದೆಂದು ಅವನಿಗೆ ಆಮೇಲೆ ಗೊತ್ತಾಗುತ್ತದೆ.

ಆ ಪುಸ್ತಕ ಅರ್ಧ ಓದಿರುವಾಗಲೇ ಅಣ್ಣನಿಗೆ ಸಿಡುಬು ಬಂತು. ಜೀವ ಉಳಿಯಿತು, ಎರಡೂ ಕಣ್ಣು ಹೋದವು.

ನಾನು ಕಲಿತದ್ದು ಕನ್ನಡ ಶಾಲೆಯ ಮೂರನೇ ಇಯತ್ತೆ. ಆದರೂ ಮನೆಯಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ. ಯುದ್ಧದ ಕಾಲ, ಚಿಮಣಿ ಎಣ್ಣೆ ಸಿಗುತ್ತಿರಲಿಲ್ಲ. ಹಾಗಾಗಿ ಮಧ್ಯಾಹ್ನ ಊಟವಾದ ಮೇಲೆ, ತೆಂಗಿನ ನೆರಳು ಬಾವಿಕಟ್ಟೆ ಮುಟ್ಟುವವರೆಗೆ ಜಗಲಿಯಲ್ಲಿ ಕುಳಿತು ಓದಬೇಕು. ಅವನು ಮೊದಲು ಕೈ ತೊಳೆಯುತ್ತಿದ್ದ, ನನಗೂ ತೊಳೆಸುತ್ತಿದ್ದ. ಪುಸ್ತಕವನ್ನು ಮೂಗಿಗೆ ಹಿಡಿದು, “ಇದು ಏಲಕ್ಕಿ ಮೂಟೆ ಹತ್ರ ಇದ್ದದ್ದು” ಎನ್ನುತ್ತಿದ್ದ. ನಾನು ಬೆರಳು ಬಾಯಿಗಿಟ್ಟರೆ ಹೇಗೋ ಗೊತ್ತಾಗುತ್ತಿತ್ತು.

“ಎಂಜಲು ಹಚ್ಚಬೇಡ ತಂಗಿ. ಅದೆಂತ ಅಪ್ಪೆಮಿಡಿ ಉಪ್ಪಿನಕಾಯಿಯ?”

ಓದಿ ಮುಗಿಸಿದ ಮೇಲೆ ಉಳಿದ ಹಾಳೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡುವನು. “ಇನ್ನೊಂದು ಅರ್ಧ ಬೆರಳು.” ದಿನವೂ ಈ ಅಳತೆ ತಪ್ಪುತ್ತಿರಲಿಲ್ಲ.

ನಾನು ಹಾಡಿನವಳು. ಆಯಿಯ, ಅಂದರೆ ಅಮ್ಮನ, ಬಾಯಿಂದ ಕೇಳಿ ಕಲಿತ ನೂರು ಹಾಡು ನನಗೆ ಬರುತ್ತಿದ್ದವು, ಒಂದಕ್ಕೂ ಅಕ್ಷರ ಬೇಕಿರಲಿಲ್ಲ. ಪುಸ್ತಕದಲ್ಲಾದರೆ ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಿದ್ದೆ. ಅವನು ಮತ್ತೆ ಓದಿಸುತ್ತಿದ್ದ, ತಾಳ್ಮೆಯಿಂದ. ಅವನ ತಾಳ್ಮೆ ಕಂಡರೇ ನನಗೆ ಸಿಟ್ಟು. ಓರಗೆಯವರು ಬೇಲಿಯಾಚೆ ನಗುತ್ತ ಹೋಗುವುದು ಕೇಳುತ್ತಿತ್ತು. ನಾನು ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಜಗಲಿಯಲ್ಲಿ. ಆಯಿಗೆ ಹೇಳಿದರೆ, “ಅಂವ ಬಾಗಿಲು ದಾಟೂಕೆ ಆಗದೇ ಕೂತಿದ್ದ. ನಿಂಗೆ ಎರಡು ತಾಸು ಭಾರ ಆತಾ?” ಎನ್ನುವಳು. ನಾನು ಮತ್ತೆ ಜಗಲಿಗೆ ಹೋಗಿ ಪುಸ್ತಕ ಬಿಡಿಸುತ್ತಿದ್ದೆ.

ಗಡಿಯಾರದ ಪುಸ್ತಕವನ್ನು ಮೊದಲಿಂದ ಓದಿ ಕಡೆಗೆ ಬಂದಿದ್ದೆವು. ಅಷ್ಟರಲ್ಲಿ ಆಚೆಮನೆಯಲ್ಲಿ ಮದುವೆ ಬಂತು. ಮಧ್ಯಾಹ್ನ ಹೆಂಗಸರೆಲ್ಲ ಸೇರಿ ಅರಿಶಿನ ಕುಟ್ಟುತ್ತ ಹಾಡುವ ದಿನ. “ನೀ ಬರದಿದ್ರೆ ಹಾಡು ಎತ್ತೂದು ಯಾರೇ?” ಎಂದು ಕರೆದು ಹೋಗಿದ್ದರು. ಹಿಂದಿನ ದಿನವೇ ಅಣ್ಣ ಹೇಳಿದ್ದ:

“ನಾಳೆ ಎಷ್ಟು ಹೊತ್ತಾದರೂ ಸೈ, ಮುಗಿಸಬೇಕು. ಅಂವ ಹೊರಗೆ ಬಂದ್ನೋ ಇಲ್ಲವೋ ತಿಳೀದೇ ನಂಗೆ ಅನ್ನ ಇಳೂದಿಲ್ಲ.”

ಹನ್ನೊಂದು ಹಾಳೆ, ಸಣ್ಣ ಅಕ್ಷರ. ನನ್ನ ಓದಿಗೆ ಸಂಜೆಯಾಗುವುದು ಖಂಡಿತ. ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಆ ಹನ್ನೊಂದನ್ನೂ ಹಿಂದಿನ ರಟ್ಟಿನ ಸಮೇತ ಹರಿದು ನನ್ನ ಸೀರೆಗಳ ಕೆಳಗೆ ಇಟ್ಟೆ.

“ಅಣ್ಣ, ಮುಂದೆ ಹಾಳೆ ಇಲ್ಲ” ಎಂದೆ ಮಧ್ಯಾಹ್ನ.

“ಇಲ್ಲ ಅಂದ್ರೆ ಎಂತ? ನಿನ್ನೆ ಬೆರಳಿಗೆ ಸಿಕ್ಕಿತ್ತು.”

“ನಿನ್ನೆ ಸಿಕ್ಕಿದ್ದು ಹಿಂದಿನ ರಟ್ಟು. ಅದೂ ಬಿದ್ದು ಹೋಯ್ತು. ಅಂಗಡಿಯಲ್ಲೇ ಪೊಟ್ಟಣಕ್ಕೆ ಹರಿದಿರಬೇಕು.”

ಅವನು ಪುಸ್ತಕ ಕೇಳಿ ತೆಗೆದುಕೊಂಡ. ಹೊಲಿಗೆಯ ಗುಂಟ ಬೆರಳು ಓಡಿಸಿದ. ಹರಿದ ಅಂಚು ಸಿಕ್ಕಿತು.

“ಹೌದು,” ಎಂದ. “ಇದು ಪೊಟ್ಟಣ ಕಟ್ಟುವವನ ಕೈ. ಹೊಲಿಗೆಗೆ ಒತ್ತಿ ಹಿಡಿದು ಎಳೆದದ್ದು. ನಾನೇ ಹರಿದಿರಬೇಕು, ಮೊದಲ ವರ್ಷ. ಯಾರಿಗೋ ಬೆಲ್ಲ ಕಟ್ಟಿ ಕೊಟ್ಟೆ.”

ನಾನು ಹಾಡಲು ಹೋದೆ. ಚೆನ್ನಾಗಿಯೇ ಹಾಡಿದೆ. ಹಾಳೆಗಳನ್ನು ತಿರುಗಿ ಇಡಬೇಕೆಂದುಕೊಂಡು ಮನೆಗೆ ಬಂದರೆ, ಅವನು ಆಯಿಯ ಎದುರು ತನ್ನದೇ ತಪ್ಪೆಂದು ಹೇಳಿಕೊಂಡು ಮುಗಿಸಿದ್ದ. ಇನ್ನು ಯಾವ ಬಾಯಿಂದ ಹೇಳಲಿ?

ಆ ದಿನದಿಂದ ಅವನು ಹೆಬ್ಬೆರಳಿನ ಅಳತೆ ಬಿಟ್ಟ. ಎಷ್ಟು ಉಳಿಯಿತೆಂದು ನನ್ನನ್ನೇ ಕೇಳುತ್ತಿದ್ದ. “ನನ್ನ ಬೆರಳನ್ನು ನಂಬೂಕಾಗೂದಿಲ್ಲ” ಎನ್ನುತ್ತಿದ್ದ.

ಆಮೇಲೆ ಮನೆಗೆ ಬಂದವರನ್ನೆಲ್ಲ ಆ ಪುಸ್ತಕದ ಬಗ್ಗೆ ವಿಚಾರಿಸಲು ಶುರುಮಾಡಿದ. ಭಟ್ಕಳದಿಂದ ಬಟ್ಟೆ ಹೊತ್ತು ಬರುವ ಸಾಹೇಬರೊಬ್ಬರು ಮಳೆಗಾಲ ಕಳೆದ ಮೇಲೆ ವರ್ಷಕ್ಕೊಮ್ಮೆ ಬರುತ್ತಿದ್ದರು. ಗಂಟು ಬಿಚ್ಚುವ ಮೊದಲೇ ಅಣ್ಣನ ಪ್ರಶ್ನೆ. “ನೋಡಿದೆ ತಮ್ಮ, ಕೇಳಿದೆ,” ಎನ್ನುತ್ತಿದ್ದರು ಅವರು. “ಹೆಸರಿಲ್ಲದ ಕಿತಾಬು, ಯಾರ ಹತ್ರ ಏನಂತ ಕೇಳಲಿ? ಲುಂಗಿ ತಗೋ, ಅದಕ್ಕಾದರೂ ಅಂಚು ಇದೆ.” ಅಣ್ಣ ನಗುತ್ತಿದ್ದ. ನಾನು ಒಳಗೆ ಹೋಗುತ್ತಿದ್ದೆ.

ನನ್ನನ್ನು ಕುಮಟೆಗೆ ಮದುವೆ ಮಾಡಿ ಕೊಟ್ಟರು. ಹಾಳೆಗಳು ಟ್ರಂಕಿನ ಅಡಿಯಲ್ಲಿ ನನ್ನ ಜೊತೆಯೇ ಬಂದವು. ಸುಡಲೂ ಆಗಲಿಲ್ಲ, ಓದಲೂ ಆಗಲಿಲ್ಲ. ಜಗಲಿಯಿಂದ ಬಿಡುಗಡೆಯಾಯಿತೆಂದು ಹೊರಟವಳು, ಟ್ರಂಕಿನ ಮುಚ್ಚಳ ತೆಗೆದಾಗಲೆಲ್ಲ ಅದೇ ಜಗಲಿಗೆ ವಾಪಸ್ಸಾಗುತ್ತಿದ್ದೆ.

ಹಾಳೆ ಹರಿದ ಆರನೆಯ ವರ್ಷ ಅಣ್ಣ ಆಯಿಯ ಭುಜ ಹಿಡಿದು ನಮ್ಮ ಮನೆಗೆ ಬಂದ. ತಾರಿ ದೋಣಿಯಲ್ಲಿ ಶರಾವತಿ ಹೊಳೆ ದಾಟಿ, ಹೊನ್ನಾವರದಲ್ಲಿ ಬಸ್ಸು ಹಿಡಿದು. ಸಿಡುಬಿನ ನಂತರ ಅವನು ಊರು ಬಿಟ್ಟದ್ದು ಅದೇ ಮೊದಲು. ಬಗಲಲ್ಲಿ ಬಟ್ಟೆಯಲ್ಲಿ ಸುತ್ತಿದ ಪುಸ್ತಕ.

“ಕುಮಟೆಯಲ್ಲಿ ವಾಚನಾಲಯ ಇದೆಯಂತೆ. ಕರಕಂಡು ಹೋಗು ತಂಗಿ.”

ಮಾರನೆಯ ದಿನ ಕರೆದುಕೊಂಡು ಹೋದೆ. ನಾನು ಬಾಗಿಲಲ್ಲೇ ನಿಂತೆ, ಒಳಗೆ ಗಂಡಸರು ಪತ್ರಿಕೆ ಓದುತ್ತಿದ್ದರು. ಅಣ್ಣ ನಡುವೆ ನಿಂತು ಇಡೀ ಕಥೆ ಹೇಳಿದ. ಕೆಲಸಗಾರ ಕಡೆಯ ಚಕ್ರ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳುವವರೆಗೆ. ಪತ್ರಿಕೆಗಳೆಲ್ಲ ಕೆಳಗಿಳಿದವು.

“ಮುಂದೆ?” ಎಂದರು ಯಾರೋ.

“ಅದನ್ನೇ ಕೇಳೂಕೆ ಬಂದೆ. ಕಡೆ ಹಾಳೆ ನಾನೇ ಹರಿದು ಪೊಟ್ಟಣ ಕಟ್ಟಿದ್ದೆ. ಪಾಪ, ಅಂವ ಅಲ್ಲೇ ನಿಂತುಬಿಟ್ಟ.”

ಎಲ್ಲರೂ ನಕ್ಕರು. “ಬೆಲ್ಲದ ಜೊತೆ ಯಾರೋ ನೆಕ್ಕಿದ್ರು ಬಿಡೋ ಮಾರಾಯ, ಕಥೆಗೊಂದು ಕೊನೆ ನೀನೇ ಕಟ್ಟು” ಎಂದ ಒಬ್ಬ. ಅಣ್ಣನೂ ನಕ್ಕ. ಪುಸ್ತಕಗಳನ್ನು ನೋಡಿಕೊಳ್ಳುವವರು ಅವನ ಪುಸ್ತಕ ತಿರುಗಿಸಿ ನೋಡಿ, ಇಂಥದ್ದು ಇಲ್ಲಿಲ್ಲವೆಂದು ಮೆಲ್ಲಗೆ ಹೇಳಿದರು.

ದಾರಿಯುದ್ದಕ್ಕೂ ಅವನು ನನ್ನ ಮೊಣಕೈ ಹಿಡಿದು ನಡೆದ. ಮನೆ ಹತ್ತಿರ ಬಂದಾಗ ಹೇಳಿದ: “ಆತು. ನಾನು ಮಾಡಿದ್ದು, ನಾನೇ ಉಣ್ಣಬೇಕು.”

ಅವನನ್ನು ಜಗಲಿಯಲ್ಲಿ ಕೂರಿಸಿ ಒಳಗೆ ಹೋದೆ. ಟ್ರಂಕು ತೆಗೆದೆ. ಕೈ ತೊಳೆದು ಬಂದು ಹನ್ನೊಂದು ಹಾಳೆಗಳನ್ನೂ ಅವನ ಹೆಬ್ಬೆರಳಿನ ಕೆಳಗೆ ಇಟ್ಟೆ. ಅವನು ಒತ್ತಿ ನೋಡಿದ. ಮತ್ತೊಮ್ಮೆ ಒತ್ತಿ ನೋಡಿದ.

“ನಿನ್ನ ಬೆರಳು ಸುಳ್ಳು ಹೇಳಲಿಲ್ಲ ಅಣ್ಣ,” ಎಂದೆ. “ನೀ ಹರಿಯಲೂ ಇಲ್ಲ, ಬೆಲ್ಲ ಕಟ್ಟಲೂ ಇಲ್ಲ. ಆಚೆಮನೆ ಮದುವೆಗೆ ಹಾಡೂಕೆ ಹೋಗಬೇಕಂತ ನಾನು ಹರಿದೆ. ನಿನ್ನ ತಲೆ ಮೇಲೆ ಹಾಕಿದೆ. ತಪ್ಪು ನಂದು. ತಪ್ಪಾತು ಅಣ್ಣ.”