ಗಂಜಲ ಚಿಮುಕಿಸಿದ ಜಾಗ

ನಾಯಿಮರಿಗೆ ಹೊರಗೆ ಹೋಗುವುದನ್ನು ಕಲಿಸುವುದು ಒಂದು ವಾರದ ಕೆಲಸ ಅಂದುಕೊಂಡಿದ್ದೆ. ಒಂದನೇ ತರಗತಿಯ ಮಕ್ಕಳನ್ನು ಸಾಲಾಗಿ ಕೂರಿಸಿ ಅಕ್ಷರ ತಿದ್ದಿಸುವ ಟೀಚರು ನಾನು. ಅಂಗೈಯಗಲದ ಮರಿಯೊಂದು ನನ್ನ ಮಾತು ಮೀರೀತೇ ಎಂಬ ಜಂಬ. ಗುಂಡ್ಲುಪೇಟೆಯ ಗೆಳತಿಯೊಬ್ಬಳ ಮನೆಯಿಂದ ಅದನ್ನು ವೈರ್ ಬ್ಯಾಗಿನಲ್ಲಿ ಕೂರಿಸಿಕೊಂಡು ಬಸ್ಸಿನಲ್ಲಿ ಚಾಮರಾಜನಗರಕ್ಕೆ ತಂದೆ. ದಾರಿಯುದ್ದಕ್ಕೂ ನನ್ನ ಹೆಬ್ಬೆರಳು ಚೀಪುತ್ತಾ ಬಂತು.

ಮನೆಗೆ ಬಂದ ಮರಿ ಮೊದಲು ಮಾಡಿದ ಕೆಲಸವೆಂದರೆ ನಡುಮನೆಯಲ್ಲಿ, ದೇವರಕೋಣೆಯ ಬಾಗಿಲ ಪಕ್ಕದಲ್ಲೇ ಉಚ್ಚೆ ಹೊಯ್ದದ್ದು. ನಮ್ಮತ್ತೆ ದಿನವೂ ಸ್ನಾನ ಮಾಡಿ ಲಿಂಗಪೂಜೆಗೆ ಕೂರುವುದು ಆ ಕೋಣೆಯಲ್ಲೇ.

"ಮೈಲ್ಗೆ ಆಗೋಯ್ತು ಕಣವ್ವ. ಓಗು, ಪಕ್ಕದ್ಮನೆ ಕೊಟ್ಟಿಗೇಲಿ ಒಂದ್ ಲೋಟ ಗಂಜಲ ಈಸ್ಕಂಡ್ ಬಾ" ಎಂದರು.

ನೆಲ ಒರೆಸಿ, ಹಸುವಿನ ಗಂಜಲ ಚಿಮುಕಿಸಿದೆ. ಮಾರನೆಯ ದಿನ ಮರಿ ಮತ್ತೆ ಅಲ್ಲೇ ಹೊಯ್ದಿತು. ಮತ್ತೆ ಒರೆಸುವುದು, ಮತ್ತೆ ಗಂಜಲ. ಹಿತ್ತಲಿಗೆ ಕರೆದೊಯ್ದು ಎಷ್ಟು ಹೊತ್ತು ಕಾದರೂ ಒಣಗಿದ ಎಲೆ ಅಟ್ಟಿಸಿಕೊಂಡು ಕುಣಿಯುತ್ತಿತ್ತೇ ಹೊರತು ಕೂರುತ್ತಿರಲಿಲ್ಲ. ಒಳಗೆ ಬಂದದ್ದೇ ಮೂಸಿ ಮೂಸಿ ಅದೇ ಜಾಗ ಹುಡುಕಿಕೊಳ್ಳುತ್ತಿತ್ತು. ಬೇಕೆಂದೇ ಮಾಡುತ್ತಿದೆ ಅನ್ನಿಸಿ ನನಗೆ ಪಿತ್ತ ನೆತ್ತಿಗೇರಿತು. ಶಾಲೆಯಲ್ಲಿ ಈಗ ಕೋಲು ಮುಟ್ಟುವಂತಿಲ್ಲ, ಮನೆಯಲ್ಲಿ ಕೇಳುವವರಾರು? ಮರದ ಸ್ಕೇಲಿನಿಂದ ಬಾರಿಸಿದೆ. ಮೂತಿಯನ್ನು ಒದ್ದೆ ನೆಲಕ್ಕೆ ಒತ್ತಿ ಹಿಡಿದೆ. ಮೂರು ವಾರ ಹೀಗೇ ನಡೆಯಿತು.

ಒಂದು ಬೆಳಿಗ್ಗೆ ಶಾಲೆಗೆ ಹೊರಟವಳ ಸೀರೆಯಂಚು ಮರಿಯ ಉಚ್ಚೆಯಲ್ಲಿ ನೆನೆಯಿತು. ಅವತ್ತೇ ಸಂಜೆ, ಬದನಗುಪ್ಪೆಯ ಕಡೆ ಗೋದಾಮು ಕಾಯುವ ಪರಿಚಯದವನೊಬ್ಬನಿಗೆ ಮರಿಯನ್ನು ಕೊಟ್ಟುಬಿಟ್ಟೆ. ಅತ್ತೆ ಊಟಕ್ಕೆ ಏಳಲಿಲ್ಲ.

"ಕೊಟ್ಬುಡು ಅಂತ ನಾ ಯಾವತ್ತವ್ವ ಅಂದೆ? ಮೈಲ್ಗೆ ಆದ್ರೆ ಗಂಜಲ ಆಕದು, ಮುಗೀತು" ಎಂದರು. ನಾನು ಪಾತ್ರೆ ತೊಳೆದೆ.

ಏಳೆಂಟು ತಿಂಗಳಾದ ಮೇಲೆ ಪಕ್ಕದ ಮನೆಯ ಹಸು ನೋಡಲು ಪಶುವೈದ್ಯರು ಬಂದರು. ಕೊಟ್ಟಿಗೆಯಲ್ಲಿ ನಿಂತು ಮರಿಯ ಕಥೆಯನ್ನು ತಮಾಷೆಯಾಗಿ ಹೇಳಿದೆ. ಅವರು ನಗಲಿಲ್ಲ.

"ಅಲ್ಲ ಮೇಡಂ, ಉಚ್ಚೆ ವಾಸನೆ ಎಲ್ಲಿದ್ಯೋ ಮರಿ ಅಲ್ಲೇ ಹೋಗಿ ಕೂರೋದು. ಗಂಜಲ ಹಾಕಿ ದಿನಾ ಜಾಗ ತೋರ್ಸಿದೋರು ನೀವೇ ಅಲ್ವಾ?"

ಅಂದರೆ ಮರಿ ಪಾಠ ಕಲಿತಿತ್ತು. ನಾನೇ ಕಲಿಸಿ, ಕಲಿತದ್ದಕ್ಕೆ ನಾನೇ ಹೊಡೆದಿದ್ದೆ. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಅತ್ತೆಗೆ ಈ ಮಾತು ಇವತ್ತಿನವರೆಗೂ ಹೇಳಿಲ್ಲ.

ಆ ಭಾನುವಾರವೇ ಬದನಗುಪ್ಪೆಗೆ ಹೋದೆ, ಹೇಗಾದರೂ ವಾಪಸ್ ಕೇಳಿ ಕರೆತರಬೇಕೆಂದು. ಕಾವಲುಗಾರ ತನ್ನ ಶೀಟಿನ ಕೋಣೆಯೊಳಗೆ ಕುರ್ಚಿ ಹಾಕಿ ಕೂರಿಸಿದ.

"ಚೆನ್ನಾಗಿ ಪಳಗ್ಸಿದ್ದೀರ ಮೇಡಂ. ಎಂಥ ಮಳೆ ಬಂದ್ರೂವ ಒಳಕ್ಕೆ ಕಾಲಿಡಲ್ಲ. ಗೋಣಿಚೀಲ ಆಸಿ ಕರದ್ರೂ ಬರಲ್ಲ" ಎಂದು ಹೊಗಳಿದ.

ಎತ್ತರಕ್ಕೆ ಬೆಳೆದ ನಾಯಿ ಬಾಗಿಲಾಚೆ ನಿಂತು ಬಾಲ ಅಲ್ಲಾಡಿಸುತ್ತಿತ್ತು. ನನ್ನ ಗುರುತು ಹತ್ತಿತ್ತು. ಕರೆದೆ. ಒಂದು ಕಾಲು ಒಳಗಿಟ್ಟು ಹಿಂದಕ್ಕೆ ತೆಗೆದುಕೊಂಡಿತು.

ನಾನೇ ಎದ್ದು ಹೊರಗೆ ಹೋಗಿ ನೆಲದ ಮೇಲೆ ಕುಳಿತೆ. ಹತ್ತಿರ ಬಂದು ಸೆರಗು ಮೂಸಿತು. ತಲೆ ಸವರೋಣವೆಂದು ಕೈ ಎತ್ತಿದೆ. ಅದು ಮೈಯೆಲ್ಲಾ ಕುಗ್ಗಿಸಿಕೊಂಡು, ಅಲ್ಲೇ ಉಚ್ಚೆ ಹೊಯ್ದುಕೊಂಡಿತು.

"ಥೂ ಇದ್ರ! ಯಾವತ್ತೂ ಇಂಗೆ ಮಾಡಿದ್ದಿಲ್ಲ" ಎನ್ನುತ್ತಾ ಕಾವಲುಗಾರ ಕೋಲಿಗೆ ಕೈ ಹಾಕಿದ.

"ಹೊಡೀಬೇಡಪ್ಪ, ಅದರ ತಪ್ಪಿಲ್ಲ" ಎಂದೆ. ಮನೆಗೆ ಕರೆದುಕೊಂಡು ಹೋಗುತ್ತೇನೆ ಎನ್ನಲು ಬಾಯಿ ಬರಲಿಲ್ಲ.