ಮೆಕ್ಯಾನಿಕ್ ಹಚ್ಚಿದ ಊದಿನಕಡ್ಡಿ

ಜುಲೈ ಒಂಬತ್ತು. ಮೋಡವಿತ್ತು, ಗಾಳಿ ಇರಲಿಲ್ಲ.

ನಮ್ಮ ಹಳೆಯ ಕಾರಿನ ಎಂಜಿನ್, ಗಾಡಿ ನಿಂತಾಗಲೂ ಆಕ್ಸಿಲರೇಟರ್ ಒತ್ತಿದಂತೆ ಕೂಗುತ್ತಿತ್ತು. ಗದಗಿನ ಒಬ್ಬ ಮೆಕ್ಯಾನಿಕ್ ಹದಿನೈದು ಸಾವಿರ ಆಗುತ್ತದೆ ಎಂದಿದ್ದ. ಅಷ್ಟು ಹಾಕುವ ಬದಲು ಗುಜರಿಗೆ ಕೊಡೋಣವೆಂದೆ. ಹೆಂಡತಿ ಡ್ರೈವಿಂಗ್ ಕಲಿತದ್ದು ಅದರಲ್ಲೇ. ಇನ್ನೊಬ್ಬರಿಗೆ ತೋರಿಸದೆ ಕೊಡಕೂಡದು ಎಂದು ಹಟ ಹಿಡಿದಳು. ಹಾಗಾಗಿ ಮುಂಡರಗಿಯ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಒಯ್ದೆ.

ಅವರು ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿಸಿ, ದೇವರ ಪಟದ ಪಕ್ಕದಲ್ಲಿದ್ದ ಊದಿನಕಡ್ಡಿಯೊಂದನ್ನು ಹಚ್ಚಿ ತಂದರು. ಪೂಜೆಯಿಂದಲೇ ಕೆಲಸ ಶುರುಮಾಡುವ ಪದ್ಧತಿ ಇರಬೇಕೆಂದು ನಾನು ಚಪ್ಪಲಿ ಬಿಟ್ಟು ಕೈಮುಗಿದು ನಿಂತೆ.

"ಯಾಕ್ರಿ ಸರ, ಗಾಡಿ ಇನ್ನೂ ಸತ್ತಿಲ್ರಿ," ಎಂದು ನಕ್ಕರು. "ಕೈ ಇಳಸ್ರಿ, ಹೊಗಿ ಎಲ್ಲಿ ಹೊಕ್ಕೈತಿ ನೋಡ್ರಿ."

ಕಡ್ಡಿ ಒಂದು ರಬ್ಬರ್ ಪೈಪಿನ ಹತ್ತಿರ ಬಂದಾಗ ಹೊಗೆ ಮೇಲೇರದೆ ಬಾಗಿ ಪೈಪಿನೊಳಗೆ ಸೇರಿತು.

"ಇಲ್ಲೆ ಸೀಳೈತ್ರಿ. ಬ್ಯಾಡಾದ ಗಾಳಿ ಕುಡದು ಕುಡದು ಎಂಜಿನ್ನಿಗೆ ಸೊಕ್ಕು ಬಂದೈತಿ."

ಹೊಸ ಪೈಪು ಹಾಕಿದರು. ಎಂಜಿನ್ನಿನ ದನಿ ಇಳಿಯಿತು.

ಮನೆಗೆ ಬಂದಾಗ ಹೆಂಡತಿ ಕೇಳಿದ್ದು ಒಂದೇ ಮಾತು: "ಎಷ್ಟು ತಗೊಂಡ್ರು?"

"ಪೈಪು, ಮಜೂರಿ ಕೂಡಿ ಇನ್ನೂರು. ಕೈಮುಗಿದದ್ದಕ್ಕ ಏನೂ ತಗೊಳ್ಳಲಿಲ್ಲ."